ಮುಂದಿನ ಬಸ್ಸಿಗೆ ಒಂದು ತಾಸು

ನನ್ನ ಸಿಟ್ಟಿನ ವಿಷಯವನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಹೆಸರು ಬಸವಂತಪ್ಪ. ಊರು ಬ್ಯಾಡಗಿ. ಮೆಣಸಿನಕಾಯಿ ಊರಿನವನಲ್ಲವೇ, ಖಾರ ಇರುವುದೇ ಎಂದು ಫ್ರೀಮಾಂಟಿನ ಗೆಳೆಯರು ನಗುತ್ತಿದ್ದರು. ನಮ್ಮ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದು ಆ ಬೆಂಗಳೂರು ಕಡೆಯವರಿಗೇನು ಗೊತ್ತು. ಅಪ್ಪ ಕುಬೇರಪ್ಪ ಮೆಣಸಿನಕಾಯಿ ದಲಾಲಿ. ಜೀವಮಾನದಲ್ಲಿ ಒಂದು ಎತ್ತಿಗೂ ಬಾರುಕೋಲು ಬೀಸಿದವನಲ್ಲ, ಹಾಗಾಗಿ ತಪ್ಪನ್ನು ಅವನ ತಲೆಗೆ ಕಟ್ಟಲಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಆ ಮಾತಿನ ಹಿಂದೆ ನಾನು ಬಹಳ ವರ್ಷ ಆರಾಮಾಗಿ ಅಡಗಿ ಕೂತಿದ್ದೆ.

1999ರ ಅಕ್ಟೋಬರಿನಲ್ಲಿ ಒಂದು ಸಂಜೆ ಆಫೀಸಿನಿಂದ ಮನೆಗೆ ಬರುತ್ತಿದ್ದೆ. ಪಕ್ಕದ ಸೀಟಿನಲ್ಲಿ ಹೆಂಡತಿ ಮಾಧುರಿ. 880 ಫ್ರೀವೇಯಲ್ಲಿ ಒಂದು ಬಿಳಿ ಪಿಕಪ್ಪು ಸಿಗ್ನಲ್ಲೂ ಹಾಕದೆ ನನ್ನ ಮುಂದೆ ನುಗ್ಗಿತು. "ಹೋಗ್ಲಿ ಬಿಡ್ರಿ" ಎಂದಳು ಮಾಧುರಿ. ನಾನು ಬಿಡಲಿಲ್ಲ. ಎಕ್ಸಿಟ್ಟು ದಾಟಿ ಮೌರಿ ಅವೆನ್ಯೂವಿನ ಕೆಂಪು ದೀಪದ ತನಕ ಅವನ ಬೆನ್ನು ಹತ್ತಿ ಹೋದೆ. ಕಾರು ಕದಿಯದಿರಲೆಂದು ಸ್ಟಿಯರಿಂಗಿಗೆ ಹಾಕುವ ಕಬ್ಬಿಣದ ಲಾಕು ಸೀಟಿನ ಕೆಳಗಿತ್ತು. ಅದನ್ನು ಹಿಡಿದು ಇಳಿದೆ. ಮೊದಲ ಏಟಿಗೆ ಅವನ ಕಿಟಕಿ ಪುಡಿಯಾಯಿತು. ಎರಡನೆಯದು ಅವನು ಮುಖಕ್ಕೆ ಅಡ್ಡ ಹಿಡಿದ ಕೈಗೆ ಬಿತ್ತು, ಎಲುಬು ಮುರಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಮೂರನೆಯದಕ್ಕೆ ಲಾಕು ಎತ್ತಿದಾಗ ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸುವ ಪುಟ್ಟ ಕುರ್ಚಿ ಕಂಡಿತು. ಕುರ್ಚಿ ಖಾಲಿ ಇತ್ತು. ಆದರೆ ಮೊದಲ ಎರಡು ಏಟು ಹಾಕುವಾಗ ಅದು ಖಾಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಕೋರ್ಟು ಮೊದಲ ತಪ್ಪೆಂದು ಕನಿಕರಿಸಿತು. ಹತ್ತು ದಿನ ಜೈಲು, ಮೂರು ವರ್ಷ ಕೋರ್ಟಿನ ನಿಗಾದ ಪ್ರೊಬೇಷನ್ನು, ಒಂದು ವರ್ಷ ಲೈಸೆನ್ಸ್ ರದ್ದು, ಮೇಲೆ ಪ್ರತಿ ಗುರುವಾರ ಹೇವರ್ಡಿನಲ್ಲಿ ಸಿಟ್ಟು ಇಳಿಸುವ ಕ್ಲಾಸು. ಕ್ಲಾಸಿನಲ್ಲಿ ನನ್ನಂಥವರು ಹನ್ನೆರಡು ಜನ ಇದ್ದೆವು. ಮೇಷ್ಟ್ರು ಮೊದಲ ದಿನವೇ, "ಚಿಕ್ಕಂದಿನಲ್ಲಿ ನಿನ್ನನ್ನು ಯಾರು ಹೊಡೆಯುತ್ತಿದ್ದರು?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅವರು ನಂಬಲಿಲ್ಲ. ಮೂರನೆಯ ವಾರ, ಕುರ್ಚಿ ತನ್ನದು ನಿನ್ನದು ಎಂದು ಇಬ್ಬರಿಗೆ ಜಗಳ ಹತ್ತಿ ಒಬ್ಬ ಅದೇ ಕುರ್ಚಿಯಿಂದ ಇನ್ನೊಬ್ಬನ ದವಡೆ ಒಡೆದ. ನಾನು ಗೋಡೆಗೆ ಒರಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಮನೆಗೆ ಬಂದು ಮಾಧುರಿಗೆ ಅದನ್ನು ದೊಡ್ಡ ಸಾಧನೆಯಂತೆ ಹೇಳಿದೆ.

ಅವಳು ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರು. ನನ್ನ ಲೈಸೆನ್ಸ್ ಹೋದ ಮೇಲೆ ಕಾರು ನಡೆಸುವ ಕೆಲಸ ಅವಳ ಪಾಲಿಗೆ ಬಂತು. ಪಕ್ಕದಲ್ಲಿ ಕೂತ ನಾನು ಇಲ್ಲದ ಬ್ರೇಕು ತುಳಿಯುತ್ತಿದ್ದೆ, ಡ್ಯಾಶ್‌ಬೋರ್ಡು ಗುದ್ದುತ್ತಿದ್ದೆ, ಪಕ್ಕದ ಲೇನಿನವರಿಗೆ ಕನ್ನಡದಲ್ಲಿ ಅವರ ಅಜ್ಜಿ ಮುತ್ತಜ್ಜಿಯನ್ನೆಲ್ಲ ನೆನೆಯುತ್ತಿದ್ದೆ. ಒಮ್ಮೆ ಅವಳ ಕೈಮೇಲೆ ಕೈ ಹಾಕಿ ಸ್ಟಿಯರಿಂಗನ್ನೇ ಎಳೆದೆ. ಕಾರು ಒಂದು ಲೇನು ಹಾರಿ ಮತ್ತೆ ನೆಟ್ಟಗಾಯಿತು. ಅವಳು ಮನೆ ತನಕ ನಡೆಸಿದಳು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಅವಳು ಮಾತು ತೆಗೆದಳು.

"ಒಂದ ಮಾತು ಹೇಳ್ತೀನಿ. ಮುಗಿಯೂತನಕ ನಡುವ ಬಾಯಿ ಹಾಕಬ್ಯಾಡ್ರಿ. ಜೂನ್ ತಿಂಗಳದಾಗ ಸ್ಕಾಟ್‌ಲೆಂಡಿಗೆ ಹೋಗೂಣು. ಹತ್ತು ದಿನ. ಕಾರಿಲ್ಲದ. ನೀವಂತೂ ನಡಸಂಗಿಲ್ಲ, ನಾನೂ ನಡಸೂದಿಲ್ಲ, ಟ್ಯಾಕ್ಸಿನೂ ಬ್ಯಾಡ. ರೈಲು, ಬಸ್ಸು, ಹಡಗ, ಕಾಲು. ಇವತ್ತಿನಿಂದ ಹಿಡದು ನಾವು ತಿರುಗಿ ಬರೂತನಕ ನಿಮ್ಮ ಕೈ ಯಾರ ಮ್ಯಾಲೂ ಏಳಬಾರದು. ಏಳಲಿಲ್ಲಂದ್ರ ನಾ ನಿಮ್ಮ ಜೋಡಿ ಇರ್ತೀನಿ. ಒಂದ ಸಲ ಎದ್ರೂ ಮುಗೀತು."

"ನಿನ್ನ ಮ್ಯಾಲ ನಾ ಕೈ ಮಾಡಿದ್ದು ಮದವಿ ಆದಾಗಿಂದ ನಾಕ ಸಲ" ಎಂದೆ. ಅದೂ ಒಂದು ಸಮರ್ಥನೆ ಎಂಬಂತೆ.

"ಏಳು."

"ಏಳು ಹೆಂಗ? ಉಳದ ಮೂರು ಯಾವು?"

"ನೀವ ನೆನಪು ಮಾಡ್ಕೋರಿ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾನು ಅವಳನ್ನು ಪ್ರೀತಿಸುತ್ತಿದ್ದೆ. ಹೊಡೆಯುವವನ ಬಾಯಲ್ಲಿ ಈ ಮಾತು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ, ಆದರೆ ಸುಳ್ಳಲ್ಲ. ಅವತ್ತೇ ಮಧ್ಯಾಹ್ನ ಫ್ರೀಮಾಂಟಿನ ಲೈಬ್ರರಿಗೆ ಹೋಗಿ ಸ್ಕಾಟ್‌ಲೆಂಡಿನ ಮೂರು ಪುಸ್ತಕ ತಂದೆ.

ಅಲ್ಲಿಗೇ ಯಾಕೆಂದರೆ, ಮಾಧುರಿಯ ತಂದೆ ಅಳ್ನಾವರದಲ್ಲಿ ಸ್ಟೇಷನ್ ಮಾಸ್ತರ್ ಆಗಿದ್ದವರು. ಅವಳು ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿಯ ಹಳೆಯ ಕಬ್ಬಿಣದ ತೊಲೆಯೊಂದರ ಮೇಲೆ ಗ್ಲಾಸ್ಗೋ ಎಂದು ಎರಕ ಹೊಯ್ದ ಅಕ್ಷರಗಳಿದ್ದವಂತೆ. ಇಂಗ್ಲಿಷಿನಲ್ಲಿ ಅವಳು ಮೊದಲು ಓದಿದ ಪದ ಅದು. ಆ ಕಬ್ಬಿಣ ಬಂದ ಊರನ್ನು ರೈಲಿನಲ್ಲಿ ಕೂತು ನೋಡಬೇಕೆಂಬುದು ಅವಳ ಬಹಳ ದಿನದ ಆಸೆ. ಹನಿಮೂನಿಗೆ ನಾನು ಅವಳನ್ನು ಲಾಸ್ ವೇಗಸ್ಸಿಗೆ ಕರೆದುಕೊಂಡು ಹೋಗಿದ್ದೆ.

ಲೈಬ್ರರಿಯ ಪುಸ್ತಕದಲ್ಲಿ ಒಂದು ವಿಷಯ ಓದಿ ನಾನು ಜೋರಾಗಿ ನಕ್ಕೆ. ಅಲ್ಲಿಯ ಗುಡ್ಡಗಾಡಿನ ರಸ್ತೆಗಳು ಒಂದೇ ಕಾರು ಹಿಡಿಸುವಷ್ಟು ಅಗಲವಂತೆ. ಎದುರಿಗೆ ಇನ್ನೊಂದು ಬಂದರೆ ಇಬ್ಬರಲ್ಲಿ ಒಬ್ಬ ಹಿಂದೆ ಸರಿದು ಬದಿಯ ಜಾಗದಲ್ಲಿ ನಿಂತು ದಾರಿ ಬಿಡಬೇಕು. ಮೇಲೆ ಇಬ್ಬರೂ ಕೈ ಎತ್ತಿ ನಮಸ್ಕಾರ ಮಾಡಬೇಕು.

"ನಾ ಹಿಂದ ಸರಿದ್ರ ಸೂರ್ಯ ಪಶ್ಚಿಮಕ್ಕ ಹುಟ್ಟಬೇಕು" ಎಂದೆ.

"ಅದಕ್ಕ ಕಾರು ಬ್ಯಾಡ ಅಂದೆ" ಎಂದಳು ಮಾಧುರಿ. ಅವಳೂ ನಕ್ಕಳು. ಆ ಚಳಿಗಾಲದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಇರಬೇಕು.

ಪ್ಲಾನು ಹಾಕುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸ್ಯಾನ್ ಹೋಸೆಯ ಒಂದು ಕಂಪನಿಯಲ್ಲಿ ನನ್ನ ಕೆಲಸವೇ ನೆಟ್‌ವರ್ಕ್ ಕೆಡದಂತೆ ನೋಡಿಕೊಳ್ಳುವುದು. ಪ್ರತಿಯೊಂದೂ ಎರಡೆರಡು ಇರಬೇಕು, ಒಂದು ಬಿದ್ದರೆ ಇನ್ನೊಂದು ಎದ್ದು ನಿಲ್ಲಬೇಕು. ಪ್ರಯಾಣಕ್ಕೂ ಅದನ್ನೇ ಮಾಡಿದೆ. ದೊಡ್ಡ ಹಾಳೆಯಲ್ಲಿ ಎಡಗಡೆ ಕಪ್ಪು ಶಾಯಿಯಲ್ಲಿ ಹೋಗುವ ದಾರಿ, ಬಲಗಡೆ ಕೆಂಪು ಶಾಯಿಯಲ್ಲಿ ಅದರ ಬದಲಿ. ಎಡಿನ್‌ಬರದಲ್ಲಿ ಮೂರು ರಾತ್ರಿ, ಕೋಟೆ, ಊರ ನಡುವಿನ ಗುಡ್ಡ, ಎಲ್ಲ ಕಾಲ್ನಡಿಗೆ. ನಾಲ್ಕನೆಯ ದಿನ ವೇವರ್ಲಿ ಸ್ಟೇಷನ್ನಿನಿಂದ ಉತ್ತರಕ್ಕೆ ಇನ್ವರ್ನೆಸ್ಸಿಗೆ ರೈಲು. ಅಲ್ಲಿಂದ ಪಡುವಣ ಕಡಲಿನ ಕೈಲ್ ಎಂಬ ಊರಿಗೆ ಇನ್ನೊಂದು ರೈಲು, ಮುಂದೆ ಸೇತುವೆ ದಾಟಿ ಸ್ಕೈ ದ್ವೀಪಕ್ಕೆ ಬಸ್ಸು. ದ್ವೀಪದಿಂದ ಹಡಗಿನಲ್ಲಿ ಮಲೇಗ್, ಮಲೇಗಿನಿಂದ ಗ್ಲಾಸ್ಗೋಗೆ ರೈಲು. ಎಲ್ಲೆಲ್ಲಿ ಏನು ತಪ್ಪಬಹುದೋ ಅಲ್ಲೆಲ್ಲ ಕೆಂಪು ಶಾಯಿ. ಮುಂದಿನ ಬಸ್ಸು ಎಷ್ಟಕ್ಕೆ, ಕೂರಲು ಬೆಂಚು ಇದೆಯೇ, ಮಳೆ ಬಂದರೆ ನೆರಳೆಲ್ಲಿ, ಯಾರಿಗೆ ಫೋನು ಮಾಡಬೇಕು.

ಒಂದು ವಾರ ಪ್ಲಾನು ಒಂದು ಕಡೆ ಸಿಕ್ಕಿಕೊಂಡಿತು. ನನ್ನ ಲೆಕ್ಕದಲ್ಲಿ ದ್ವೀಪದಿಂದ ಹೊರಡುವ ದಿನ ಭಾನುವಾರಕ್ಕೆ ಬಿತ್ತು, ಭಾನುವಾರ ಆ ಕಡೆ ಬಸ್ಸು ಓಡುವುದು ಇಲ್ಲವೆಂಬಷ್ಟು ಕಡಿಮೆ. ಮಾಧುರಿ ಟೈಮ್‌ಟೇಬಲ್ಲಿನ ಕೆಳಗಿನ ಸಣ್ಣಕ್ಷರ ತೋರಿಸಿ, "ಇದನ್ನ ಓದಿಲ್ಲೇನು?" ಎಂದಳು. ಅಷ್ಟೇ. ಎದ್ದು ಮೆಟ್ಟಿಲಿಳಿದು ಪಾರ್ಕಿಂಗಿಗೆ ಹೋಗಿ ನನ್ನ ಕಾರಿನ ಬಾಗಿಲಿಗೆ ಒದೆದೆ. ತಗಡು ಒಳಗೆ ಹೋಗುವ ತನಕ, ಹೆಬ್ಬೆರಳಿನ ಉಗುರು ಎದ್ದು ಶೂಸಿನೊಳಗೆ ರಕ್ತ ಜಾರುವ ತನಕ ಒದೆದೆ. ಮೇಲೆ ಬಾಲ್ಕನಿಯಲ್ಲಿ ಮಾಧುರಿ ನಿಂತಿದ್ದಳು.

"ಅದು ನಿಮ್ಮದ ಕಾರು. ಒದೀರಿ" ಎಂದು ಒಳಗೆ ಹೋದಳು. ಬಚಾವಾದೆ ಅಂದುಕೊಂಡೆ.

ಟಿಕೀಟುಗಳು ಬಂದವು, ಬ್ರಿಟಿಷ್ ವೀಸಾ ಬಂತು, ಪ್ರೊಬೇಷನ್ ಆಫೀಸರು ಹೋಗಿ ಬರಲು ಒಪ್ಪಿಗೆ ಬರೆದುಕೊಟ್ಟರು. ಅಪ್ಪ ಹುಬ್ಬಳ್ಳಿ ಪೇಟೆಗೆ ಹೋಗುವಾಗಲೂ ಕಾಗದಪತ್ರವನ್ನು ಒಂದೇ ಚೀಲದಲ್ಲಿ ಇಡುತ್ತಿರಲಿಲ್ಲ, ಒಂದು ಕಳುವಾದರೆ ಇನ್ನೊಂದು ಉಳಿಯಲಿ ಎಂದು ಅರ್ಧ ಅವ್ವನ ಕೈಗೆ ಕೊಡುತ್ತಿದ್ದ. ನಾನೂ ಹಾಗೇ ಎರಡು ಚೀಲ ಮಾಡಿದೆ. ಅವಳ ಪಾಸ್‌ಪೋರ್ಟು, ಅವಳ ಟಿಕೀಟು, ಪೂರ್ತಿ ಪ್ಲಾನಿನ ಒಂದು ಪ್ರತಿ ಅವಳದರಲ್ಲಿ. ನನ್ನವು ನನ್ನದರಲ್ಲಿ. ಇಬ್ಬರಲ್ಲಿ ಯಾರೊಬ್ಬರು ದಾರಿಯಲ್ಲಿ ತಪ್ಪಿಹೋದರೂ ಇನ್ನೊಬ್ಬರು ಪ್ರಯಾಣ ಮುಗಿಸಬಹುದು ಎಂದು ಜಂಬದಿಂದ ಹೇಳಿದೆ. ಮಾಧುರಿ ಚೀಲದ ಜಿಪ್ಪು ಎಳೆದು ಕಪಾಟಿನಲ್ಲಿಟ್ಟಳು.

ಕೊನೆಗೆ ಉಳಿದದ್ದು ರಿಹರ್ಸಲ್ಲು. ಆಫೀಸಿನಲ್ಲಿ ಯಾವ ದೊಡ್ಡ ಬದಲಾವಣೆಯನ್ನೂ ನಾವು ರಿಹರ್ಸಲ್ ಇಲ್ಲದೆ ಮಾಡುವುದಿಲ್ಲ. ಈ ಯೋಚನೆಯೂ ನನ್ನದೇ, ಮಾಡಿದ್ದುಣ್ಣೋ ಮಹರಾಯ. ಏಪ್ರಿಲ್ ಹದಿನೈದರ ಶನಿವಾರ ಕಾರು ಮುಟ್ಟದೆ ಒಂದು ದಿನ. ಫ್ರೀಮಾಂಟಿನಿಂದ ಬಾರ್ಟ್ ರೈಲಿನಲ್ಲಿ ಓಕ್‌ಲೆಂಡಿನ ಮೆಕಾರ್ಥರ್ ಸ್ಟೇಷನ್ನು, ಅಲ್ಲಿ ರೈಲು ಬದಲಿಸಿ ವಾಲ್ನಟ್ ಕ್ರೀಕ್, ಅಲ್ಲಿಂದ 10.40ರ ಬಸ್ಸು ಹಿಡಿದು ಗುಡ್ಡದ ಬುಡಕ್ಕೆ, ಗುಡ್ಡ ಹತ್ತಿ ಇಳಿದು ವಾಪಸ್ಸು. ಇದಕ್ಕೂ ಒಂದು ಹಾಳೆ ಬರೆದೆ. 10.40ರ ಎದುರು ಕೆಂಪು ಶಾಯಿಯಲ್ಲಿ: ತಪ್ಪಿದರೆ 11.40. ಬೆಂಚು ಇದೆ. ಕಾಯುವುದು.

ಮಾಧುರಿ ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡಳು. ಸ್ಟೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನ ಕಿಟಕಿಯ ಪಕ್ಕ ಕೂತಾಗ ಅವಳ ಮುಖದಲ್ಲಿ ಅಳ್ನಾವರದ ಹುಡುಗಿ ಕಂಡಳು. ಮೂರು ತಿಂಗಳಲ್ಲಿ ನನ್ನ ಕೈ ಎದ್ದಿರಲಿಲ್ಲ. ಇನ್ನು ಏಳು ವಾರ, ಆಮೇಲೆ ಹತ್ತು ದಿನ. ಆದೀತು ಎಂದು ಆ ಬೆಳಿಗ್ಗೆ ನಿಜವಾಗಿಯೂ ಅನಿಸಿತು.

ಹಿಂದಿನ ದಿನವಷ್ಟೇ ಷೇರುಪೇಟೆ ಕುಸಿದಿತ್ತು. ರೈಲಿನಲ್ಲಿ ಎದುರಿಗೆ ಕೂತವನೊಬ್ಬ ನನ್ನ ಪಕ್ಕದ ಸೀಟಿನ ಮೇಲೆ ಶೂಸಿನ ಕಾಲಿಟ್ಟು, ಸೆಲ್‌ಫೋನಿನಲ್ಲಿ ಅದೇ ವಿಷಯ ಇಡೀ ಡಬ್ಬಕ್ಕೆ ಕೇಳುವಂತೆ ಕಿರುಚುತ್ತಿದ್ದ. ಕಾಲು ತೆಗಿ ಎಂದೆ. ಅವನು ನನ್ನ ಕಡೆ ನೋಡಿ ಒಂದು ಬೆರಳು ತೋರಿಸಿ ಮಾತು ಮುಂದುವರಿಸಿದ. ಮಾಧುರಿ ನನ್ನ ಅಂಗಿಯ ತುದಿ ಹಿಡಿದಳು. ಮೆಕಾರ್ಥರ್ ಬಂತು. ಅವನೂ ಇಳಿದ. ನಮ್ಮ ಎರಡನೆಯ ರೈಲು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಬಾಗಿಲು ತೆರೆದು ನಿಂತಿತ್ತು, ಹತ್ತು ಹೆಜ್ಜೆ. ನಾನು ಆ ಹತ್ತು ಹೆಜ್ಜೆ ಇಡಲಿಲ್ಲ. ಅವನ ಕಾಲರು ಹಿಡಿದು ಕಂಬಕ್ಕೆ ಒತ್ತಿದೆ. ಅವನ ಫೋನು ಕೆಳಗೆ ಬಿತ್ತು, ಕಣ್ಣು ಹೊರಗೆ ಬಂತು, ಗಂಟಲಿನಲ್ಲಿ ಗೊರಗೊರ ಸದ್ದಾಯಿತು. ಮಾಧುರಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವನು ಕೆಮ್ಮುತ್ತ, ಬೈಯುತ್ತ ಓಡಿದ. ಅಷ್ಟರಲ್ಲಿ ನಮ್ಮ ರೈಲು ಹೊರಟುಹೋಗಿತ್ತು.

"ನಾ ಹೊಡೀಲಿಲ್ಲ. ಹಿಡದೆ ಅಷ್ಟ" ಎಂದೆ.

ಮಾಧುರಿ ಡಬ್ಬಿ ಎತ್ತಿಕೊಂಡಳು. ಮುಂದಿನ ರೈಲಿನಲ್ಲಿ ವಾಲ್ನಟ್ ಕ್ರೀಕಿನ ತನಕ ಕಿಟಕಿಯನ್ನೇ ನೋಡುತ್ತ ಕೂತಳು. ಅವಳ ಮೌನದಿಂದ ನನಗೆ ಮತ್ತಷ್ಟು ಉರಿಯಿತು.

ವಾಲ್ನಟ್ ಕ್ರೀಕಿನಲ್ಲಿ ಎಸ್ಕಲೇಟರ್ ಇಳಿಯುವಾಗ ಗಡಿಯಾರ 10.41. ಕಣ್ಣೆದುರೇ ಬಸ್ಸಿನ ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಕೈ ಬೀಸಿದೆ, ಕೂಗಿದೆ. ನಿಲ್ಲಲಿಲ್ಲ.

ಮಾಧುರಿ ಬೆಂಚಿನ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದಳು. "ಬರ್ರಿ, ಕೂಡ್ರಿ. ಒಂದ ತಾಸು. ನೀವ ಬರದದ್ದು ಐತಿ" ಎಂದು ರೊಟ್ಟಿ ಮುರಿದು ಚಟ್ನಿ ಹಚ್ಚಿ ನನ್ನ ಕಡೆ ಚಾಚಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆ ತುತ್ತನ್ನು ನಾನು ಕೈಯಲ್ಲಿ ತೆಗೆದುಕೊಂಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಬಸ್ಸು ಸ್ಟೇಷನ್ನಿನ ಅಂಗಳ ದಾಟುವಲ್ಲಿ ಕೆಂಪು ದೀಪಕ್ಕೆ ನಿಂತಿತ್ತು. ನಾನು ಓಡಿದೆ. ಬಾಗಿಲು ಬಡಿದೆ. ಒಳಗೆ ಡ್ರೈವರು, ಅರವತ್ತು ದಾಟಿದ ಮನುಷ್ಯ, ದಪ್ಪ ಕನ್ನಡಕ. ಕೈಗಡಿಯಾರ ತೋರಿಸಿ ತಲೆಯಾಡಿಸಿದ. ಆ ತಲೆಯಾಡಿಸಿದ್ದು ನನಗೆ ಸಾಕಾಯಿತು. ಬಾಗಿಲಿನ ಗಾಜಿಗೆ ಒದೆದೆ. ಮೂರನೆಯ ಒದೆತಕ್ಕೆ ಗಾಜು ಬಿರಿಯಿತು, ನಾಲ್ಕನೆಯದಕ್ಕೆ ಬಾಗಿಲು ಮಡಚಿಕೊಂಡಿತು. ಒಳಗೆ ಯಾರೋ ಹೆಂಗಸು ಕಿರುಚಿದಳು. ಡ್ರೈವರು ಎದ್ದು ಅಂಗೈ ಮುಂದೆ ಚಾಚಿ, "ಸರ್, ಸರ್" ಎನ್ನುತ್ತಿದ್ದ. ಆ ಕೈಯನ್ನೇ ಹಿಡಿದು ಹೊರಗೆ ಎಳೆದೆ. ಅವನು ಮೆಟ್ಟಿಲ ಮೇಲೆ ಮೊಣಕಾಲೂರಿ ಬಿದ್ದ. ಮುಖಕ್ಕೆ ಗುದ್ದಿದೆ. ಕನ್ನಡಕ ಒಡೆದು ಹುಬ್ಬಿನೊಳಗೆ ಹೊಕ್ಕಿತು. ಮತ್ತೆ ಗುದ್ದಿದೆ. ಮೂಗಿನಿಂದ ರಕ್ತ ಅವನ ಬಿಳಿ ಮೀಸೆಯ ಮೇಲೆ ಇಳಿಯಿತು, ನನ್ನ ಬೆರಳಿನ ಸಂದುಗಳಲ್ಲಿ ಬಿಸಿಯಾಗಿ ಹತ್ತಿತು. ನಿಜ ಹೇಳಿದರೆ ಆ ಗಳಿಗೆಯಲ್ಲಿ ನನಗೆ ಹಾಯೆನಿಸಿತ್ತು. ಕ್ಲಾಸಿನಲ್ಲಿ ಯಾರೂ ಒಪ್ಪಿಕೊಳ್ಳದ ಮಾತು ಇದು, ಎಲ್ಲರಿಗೂ ಗೊತ್ತಿರುವ ಮಾತೂ ಇದೇ.

ಹಿಂದಿನಿಂದ ಯಾರೋ ನನ್ನ ಬಲಗೈಯನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದರು. ಯಾರೆಂದು ನೋಡಲಿಲ್ಲ. ಮೊಣಕೈಯನ್ನು ಹಿಂದಕ್ಕೆ ಬೀಸಿದೆ. ಮೆತ್ತಗಿನದೊಂದು, ಅದರ ಹಿಂದೆ ಗಟ್ಟಿಯಾದದ್ದೊಂದು ತಾಗಿತು. ಡಬ್ಬಿ ರಸ್ತೆಗೆ ಬಿದ್ದು ಖಣಖಣ ಉರುಳಿತು.

ತಿರುಗಿದೆ. ಮಾಧುರಿ ಫುಟ್‌ಪಾತಿನ ಅಂಚಿನಲ್ಲಿ ಬಿದ್ದಿದ್ದಳು. ಬಾಯಿ ತುಂಬ ರಕ್ತ. ಮುಂದಿನ ಎರಡು ಹಲ್ಲು ಅಂಗೈಯಲ್ಲಿದ್ದವು, ಅವಳು ಅವನ್ನೇ ನೋಡುತ್ತಿದ್ದಳು. ಸುತ್ತ ರೊಟ್ಟಿ ಚೆಲ್ಲಿತ್ತು.

"ನಡುವ ಯಾಕ ಬಂದಿ?" ಎಂದೆ. ನನ್ನ ಬಾಯಿಂದ ಬಂದ ಮೊದಲ ಮಾತು ಅದೇ.

ಪೊಲೀಸರು ನಾಲ್ಕು ನಿಮಿಷದಲ್ಲಿ ಬಂದರು. ನನ್ನನ್ನು ರಸ್ತೆಗೆ ಮುಖ ಒತ್ತಿ, ಬೆನ್ನ ಮೇಲೆ ಮೊಣಕಾಲೂರಿ ಕೈಕೋಳ ಹಾಕಿದರು. ಭುಜದ ಕೀಲು ಕಿತ್ತು ಬಂದಂತಾಯಿತು. ಕಾರಿನ ಹಿಂದಿನ ಸೀಟಿಗೆ ತಳ್ಳಿದರು. ಕಿಟಕಿ ಅರ್ಧ ಇಳಿದಿತ್ತು, ಮಾತು ಕೇಳುತ್ತಿತ್ತು. ಲೇಡಿ ಆಫೀಸರೊಬ್ಬಳು ಮಾಧುರಿಯ ಬಾಯಿಗೆ ಬಟ್ಟೆ ಒತ್ತಿ ಹಿಡಿದು, ಇದು ಹೇಗಾಯಿತು ಎಂದು ಕೇಳಿದಳು.

ನಾನು ಮಾಧುರಿಯನ್ನು ನೋಡಿದೆ. ಎರಡು ಸಲ ಡಾಕ್ಟರ ಮುಂದೆ, ಒಂದು ಸಲ ಅವಳ ಅಕ್ಕನಿಗೆ ಫೋನಿನಲ್ಲಿ, ಕಾಲು ಜಾರಿ ಬಿದ್ದೆ ಎಂದಿದ್ದಳು. ನಮ್ಮ ಕಡೆ ಮನೆಯ ಮಾತು ಹೊಸ್ತಿಲು ದಾಟಿಸುವುದಿಲ್ಲ. ಅದನ್ನೇ ಹೇಳು ಎಂದು ಕಣ್ಣಿನಲ್ಲೇ ಹೇಳಿದೆ, ಅವಳಿಗೆ ಅರ್ಥವೂ ಆಯಿತು.

ಬಟ್ಟೆ ಸರಿಸಿ, ನನ್ನ ಕಡೆ ನೋಡುತ್ತಲೇ, ಇಂಗ್ಲಿಷಿನಲ್ಲಿ ಹೇಳಿದಳು. "ನನ್ನ ಗಂಡ ಹೊಡೆದ. ಇದು ಎಂಟನೆಯ ಸಲ."

"ಎಂಟಲ್ಲ, ಐದು" ಎಂದು ನಾನೂ ಇಂಗ್ಲಿಷಿನಲ್ಲೇ ಕಿಟಕಿಯಿಂದ ಕೂಗಿದೆ.

ಆಫೀಸರು ನನ್ನತ್ತ ತಿರುಗಿ ನೋಡಿದಳು. ಆಮೇಲೆ ಪುಸ್ತಕದಲ್ಲಿ ಬರೆದುಕೊಂಡಳು. ಕೋರ್ಟಿನಲ್ಲಿ ಸರ್ಕಾರಿ ವಕೀಲರಿಗೆ ಬೇರೆ ಏನನ್ನೂ ಓದಬೇಕಾಗಿ ಬರಲಿಲ್ಲ, ನಾನು ಕೂಗಿದ ಆ ಒಂದು ಸಾಲು ಓದಿದರು.

ಹಳೆಯ ಪ್ರೊಬೇಷನ್ನು ಮುರಿದದ್ದೂ ಸೇರಿ ಹನ್ನೊಂದು ತಿಂಗಳಾಯಿತು. ಮಾರ್ಟಿನೆಜ್ ಊರಿನ ಕೌಂಟಿ ಜೈಲು. ಡ್ರೈವರಿಗೆ ಒಂದು ಕಣ್ಣಿನ ದೃಷ್ಟಿ ಅರ್ಧ ಹೋಯಿತು, ಮತ್ತೆ ಬಸ್ಸು ನಡೆಸಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎನ್ನುತ್ತಾರೆ. ಅದು ನಮ್ಮದೇ ಮೂಗಿನ ಮಾತು, ಬೇರೆಯವರ ಮೂಗಿಗೆ ಗಾದೆಯಿಲ್ಲ.

ಮೇ ಕೊನೆಯ ವಾರ ಗೆಳೆಯ ರಮೇಶ್ ನೋಡಲು ಬಂದ. ಹಾಸನದವನು, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದವನು. ಗಾಜಿನ ಆ ಕಡೆ ಅವನು, ಈ ಕಡೆ ನಾನು, ನಡುವೆ ಫೋನು.

"ಮಾಧುರಿ ಅಪಾರ್ಟ್‌ಮೆಂಟು ಖಾಲಿ ಮಾಡಿದ್ರು ಕಣೋ" ಎಂದ. "ಕ್ಯಾಂಪ್‌ಬೆಲ್ಲಲ್ಲಿ ಬೇರೆ ಮನೆ ತಗೊಂಡಿದಾರೆ. ಎಲ್ಲಿ ಅಂತ ಕೇಳ್ಬೇಡ, ಹೇಳಲ್ಲ."

"ಹಲ್ಲು?"

"ಕಟ್ಟಿಸ್ಕೊಂಡ್ರು." ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದ. "ಶನಿವಾರ ನಾನೇ ಏರ್‌ಪೋರ್ಟಿಗೆ ಬಿಡ್ತಾ ಇದೀನಿ. ಸ್ಕಾಟ್‌ಲೆಂಡಿಗೆ ಒಬ್ರೇ ಹೋಗ್ತಿದಾರೆ. ನೀನು ಬರ್ದಿದ್ದ ಪ್ಲಾನು ತಗೊಂಡು."

ನಾನು ಫೋನಿನ ರಿಸೀವರಿನಿಂದ ಗಾಜಿಗೆ ಹೊಡೆದೆ. ಗಾಜಿಗೆ ಏನೂ ಆಗಲಿಲ್ಲ, ರಿಸೀವರು ಒಡೆಯಿತು. ಇಬ್ಬರು ಗಾರ್ಡುಗಳು ಬಂದು ನನ್ನನ್ನು ನೆಲಕ್ಕೆ ಕೆಡವಿದರು, ಒಬ್ಬನ ಬೂಟು ಪಕ್ಕೆಲುಬಿಗೆ ಬಿತ್ತು. ಎಳೆದುಕೊಂಡು ಹೋಗುವಾಗ ರಮೇಶ್ ಆ ಕಡೆ ಎದ್ದು ನಿಂತಿದ್ದ. ಮತ್ತೆ ಅವನು ಬರಲಿಲ್ಲ.

ಆ ಹತ್ತು ದಿನ ನಾನು ಹೇಗೆ ಕಳೆದೆ ಎಂಬುದನ್ನು ಯಾರಿಗೂ ಹೇಳಿಲ್ಲ. ಹಾಳೆ ನನ್ನ ಹತ್ತಿರ ಇರಲಿಲ್ಲ, ಆದರೆ ಕಪ್ಪು ಕೆಂಪು ಎರಡೂ ನನಗೆ ಬಾಯಿಪಾಠ. ಅಲ್ಲಿ ಇಲ್ಲಿಗಿಂತ ಎಂಟು ತಾಸು ಮುಂದೆ. ನಮಗೆ ಏಳು ಗಂಟೆಗೆ ತಿಂಡಿ ಕೊಡುವಾಗ ಅಲ್ಲಿ ಮಧ್ಯಾಹ್ನ ಮೂರು, ಈಗ ಅವಳು ಕೋಟೆಯಿಂದ ಇಳಿಯುತ್ತಿದ್ದಾಳೆ. ಈಗ ಇನ್ವರ್ನೆಸ್ಸಿನ ರೈಲಿನಲ್ಲಿ ಬಲಗಡೆಯ ಕಿಟಕಿ. ಈಗ ಸೇತುವೆ. ಪ್ರತಿ ಗಳಿಗೆಯೂ ಅವಳೆಲ್ಲಿದ್ದಾಳೆ ಎಂದು ನನಗೆ ಗೊತ್ತು, ಒಂದು ಹೆಜ್ಜೆ ಹತ್ತಿರ ಹೋಗುವಂತಿಲ್ಲ. ಆ ಪ್ಲಾನಿನಲ್ಲಿ ಬದಲಿ ಇಲ್ಲದೆ ಉಳಿದದ್ದು ನಾನೊಬ್ಬನೇ ಅಂದುಕೊಂಡಿದ್ದೆ. ನಾನಿಲ್ಲದೆಯೇ ಪ್ಲಾನು ನಡೆಯಿತು, ನನಗೆ ಬದಲಿ ಬೇಕಾಗಿಯೇ ಇರಲಿಲ್ಲ.

ಆಗ ನಾನು ಹರಕೆ ಹೊತ್ತೆ. ಮೈಲಾರಲಿಂಗನಿಗೆ, ಅವಳ ಬಸ್ಸು ತಪ್ಪಲಿ ಎಂದು. ಮಳೆಯಲ್ಲಿ, ಗೊತ್ತಿಲ್ಲದ ಊರಿನಲ್ಲಿ, ಒಬ್ಬಳೇ ನಿಂತು ಅಳಲಿ, ಬಸವಂತಪ್ಪ ಇರಬೇಕಿತ್ತು ಎಂದು ಒಂದೇ ಒಂದು ಸಲ ಅನಿಸಲಿ. ಇಂಥ ಹರಕೆ ಹೊರುವ ಗಂಡನೂ ಇರುತ್ತಾನೆ ಎಂದು ನಿಮಗೆ ಅನಿಸಿದರೆ, ಹೌದು, ಇರುತ್ತಾನೆ.

ಜೂನ್ ಮುಗಿಯುವ ಹೊತ್ತಿಗೆ ಒಂದು ಪೋಸ್ಟ್‌ಕಾರ್ಡು ಬಂತು. ಒಂದು ಕಡೆ ಕಡಲು, ಬೋಳು ಗುಡ್ಡ. ಇನ್ನೊಂದು ಕಡೆ ಅವಳ ದುಂಡು ಅಕ್ಷರ. ಕನ್ನಡ ಓದಲು ಬಾರದೆ ಜೈಲಿನವರು ಎರಡು ದಿನ ಇಟ್ಟುಕೊಂಡು ಕೊಟ್ಟರಂತೆ.

"ದ್ವೀಪದಾಗಿನ ಬ್ರಾಡ್‌ಫರ್ಡ್ ಅನ್ನೂ ಊರಾಗ ಹಡಗಕ್ಕ ಹೋಗೂ ಬಸ್ಸು ತಪ್ಪಿತು. ತಪ್ಪು ನಂದ, ಅಂಗಡ್ಯಾಗ ಹೊತ್ತು ಹೋತು. ಬಸ್ಸು ಕಣ್ಣ ಮುಂದ ಹೋತು. ಕೆಂಪು ಶಾಯಿ ನೋಡಿದೆ. ಮುಂದಿನ ಬಸ್ಸಿಗೆ ಒಂದ ತಾಸು, ಬೆಂಚು ಐತಿ ಅಂತ ಬರದಿದ್ರಿ. ಬೆಂಚು ಇತ್ತು. ಕುಂತೆ. ಸಣ್ಣಗ ಮಳಿ ಬಂತು. ಕಟ್ಕೊಂಡು ಹೋಗಿದ್ದ ಖಡಕ ರೊಟ್ಟಿ ತಿಂದೆ, ಹೊಸ ಹಲ್ಲಿಗೆ ಸ್ವಲ್ಪ ಗಟ್ಟಿ ಆತು. ಒಂದ ತಾಸು ಕುಂತೆ. ಏನೂ ಆಗಲಿಲ್ಲ. ಬಸ್ಸು ಬಂತು. ಇದನ್ನ ನಿಮಗ ತಿಳಸಬೇಕು ಅನಸ್ತು. ವಕೀಲರ ಕಾಗದ ಬರ್ತಾವು, ಸಹಿ ಮಾಡ್ರಿ. — ಮಾಧುರಿ."

ಕಾರ್ಡು ಹಿಡಿದುಕೊಂಡು ನಾನು ಕೈದಿಗಳೆಲ್ಲ ಕೂರುವ ಹಾಲಿಗೆ ಹೋದೆ. ಅಲ್ಲಿ ಗೋಡೆಗೆ ಬಡಿದ ಒಂದು ಉಕ್ಕಿನ ಬೆಂಚು, ಎದುರಿಗೆ ಗಡಿಯಾರ. ಬೆಳಿಗ್ಗೆ ಹತ್ತು ನಲವತ್ತೊಂದು. ಟೀವಿ ಚಾನೆಲ್ಲಿಗಾಗಿ ಇಬ್ಬರು ಜಗಳ ಕಾಯುತ್ತಿದ್ದರು, ಒಬ್ಬ ಇನ್ನೊಬ್ಬನ ಕುತ್ತಿಗೆಗೆ ಕೈ ಹಾಕಿದ, ಯಾರದೋ ಬಟ್ಟಲು ನನ್ನ ಮೊಣಕಾಲಿಗೆ ಬಂದು ಬಡಿಯಿತು, ಬಿಸಿ ಕಾಫಿ ಪ್ಯಾಂಟಿನ ಮೇಲೆ ಚೆಲ್ಲಿತು. ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತೆ. ಮಾಡಲು ಬೇರೆ ಕೆಲಸವಿರಲಿಲ್ಲ. ಅವಳು ನೆನಪು ಮಾಡಿಕೊಳ್ಳಿ ಎಂದದ್ದನ್ನು ಮಾಡಿದೆ.

ಕೆನ್ನೆಗೆ ಹೊಡೆದದ್ದು ನಾಲ್ಕು ಸಲ, ಅದು ನನಗೆ ಗೊತ್ತಿತ್ತು. ಐದನೆಯದು, ಅವಳ ಬೆರಳು ಚೌಕಟ್ಟಿನ ಮೇಲಿದ್ದಾಗ ನಾನು ಬಾಗಿಲು ಬೀಸಿ ಹಾಕಿದ್ದು. ಬಾಗಿಲು ಮುಚ್ಚಿದೆ ಎಂದಷ್ಟೇ ನಾನು ನೆನಪಿಟ್ಟುಕೊಂಡಿದ್ದೆ. ಆರನೆಯದು, ಅವಳ ಕಿವಿಯ ಪಕ್ಕ ಗೋಡೆಗೆ ಒಡೆದ ತಟ್ಟೆ. ಗುರಿ ತಪ್ಪಿತ್ತು, ಹಾಗಾಗಿ ನಾನು ಅದನ್ನು ಎಣಿಸಿರಲಿಲ್ಲ. ಏಳನೆಯದು ಸ್ಟಿಯರಿಂಗು, ನನ್ನ ಕೈಯ ಕೆಳಗೆ ಅವಳ ಕೈ. ಎಂಟನೆಯದು ರೊಟ್ಟಿ ಹಿಡಿದು ನನ್ನನ್ನು ಕರೆದ ದಿನ.

ಎಂಟಾಯಿತು. ಅವಳು ಹೇಳಿದ್ದೇ ಸರಿ ಇತ್ತು. ಗಡಿಯಾರ ನೋಡಿದೆ, ಒಂದು ತಾಸಿಗೆ ಇನ್ನೂ ನಲವತ್ತು ನಿಮಿಷ ಉಳಿದಿತ್ತು. ಕೂತೆ.